ಎರಡು ದಿನಕ್ಕೊಂದು ಹಳೇ ಊರು: ವಾರಾಂತ್ಯದ ಪ್ರವಾಸ ಜೋಡಿಸುವ ಬಗೆ

ಶುಕ್ರವಾರ ರಾತ್ರಿ ಊರು ಮುಟ್ಟಿ ಭಾನುವಾರ ಸಂಜೆ ಹೊರಡುವವರ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ? ಶನಿವಾರ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ 14 ಗಂಟೆ. ಭಾನುವಾರ 7ರಿಂದ ಮಧ್ಯಾಹ್ನ 3ರವರೆಗೆ 8. ಒಟ್ಟು 22. ಊಟ-ತಿಂಡಿಗೆ 4 ಗಂಟೆ ಕಳೆಯಿರಿ. ಕ್ಯೂ, ತಪಾಸಣೆ, ಶೌಚಾಲಯ, ಲಗೇಜ್ ಇಡುವುದು ತೆಗೆಯುವುದು, ಇದಕ್ಕೆಲ್ಲ 3. ಕಾಲು ಚಾಚಿ ಕೂರಲು ಇನ್ನೊಂದು 3. ಉಳಿದದ್ದು 12 ಗಂಟೆ. ಅಷ್ಟರಲ್ಲಿ ಸಾವಿರ ವರ್ಷದ ಊರನ್ನು ನೋಡಿ ಮುಗಿಸುತ್ತೇವೆ ಎಂದು ಹೊರಟವರು ಹೆಚ್ಚಾಗಿ ನೋಡುವುದು ಕ್ಯೂನಲ್ಲಿ ಮುಂದೆ ನಿಂತವರ ಬೆನ್ನನ್ನು.

ಈ 12 ಗಂಟೆಯನ್ನು ಹಂಚುವುದಕ್ಕೆ ಒಂದು ಸರಳ ಉಪಾಯವಿದೆ. ಹಳೇ ಊರಿನಲ್ಲಿ ನೋಡುವಂಥವು ಎರಡು ಬಗೆ: ಬಾಗಿಲಿರುವವು, ಬಾಗಿಲಿಲ್ಲದವು. ಅರಮನೆ, ಮ್ಯೂಸಿಯಂ, ಗೋಪುರ, ಪೂಜಾಸ್ಥಳ ಮೊದಲನೆಯ ಗುಂಪು. ಅವುಗಳಿಗೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಟಿಕೆಟ್, ವಾರದ ರಜೆ ಎಲ್ಲ ಇರುತ್ತದೆ. ಓಣಿ, ಚೌಕ, ಸೇತುವೆ, ನದಿಯ ದಂಡೆ, ಕಟ್ಟಡಗಳ ಹೊರಮುಖ ಎರಡನೆಯ ಗುಂಪು. ಅವು ನಸುಕಿನಲ್ಲೂ ಸಿಗುತ್ತವೆ, ನಡುರಾತ್ರಿಯಲ್ಲೂ ಸಿಗುತ್ತವೆ. ಬಾಗಿಲಿರುವವನ್ನು ದಿನದ ನಡುಭಾಗಕ್ಕೆ ಹಾಕಿ, ಬಾಗಿಲಿಲ್ಲದವನ್ನು ದಿನದ ಎರಡೂ ತುದಿಗೆ ಇಟ್ಟುಕೊಳ್ಳಿ. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು. ಬೆಳಿಗ್ಗೆ 10ಕ್ಕೆ ಹೊರಬಿದ್ದು ಜನಜಂಗುಳಿಯ ಚೌಕದಲ್ಲಿ ಎರಡು ಗಂಟೆ ಅಲೆಯುತ್ತಾರೆ, ಮಧ್ಯಾಹ್ನ 4ಕ್ಕೆ ಅರಮನೆಯ ಬಾಗಿಲಿಗೆ ಬಂದು ‘ಕೊನೆಯ ಪ್ರವೇಶ ಮುಗಿಯಿತು’ ಅನ್ನಿಸಿಕೊಳ್ಳುತ್ತಾರೆ. ಕೊನೆಯ ಪ್ರವೇಶ ಎಂಬುದು ಮುಚ್ಚುವ ಹೊತ್ತಿಗಿಂತ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ ಮೊದಲೇ ಇರುತ್ತದೆ. ಫಲಕದಲ್ಲಿ ದಪ್ಪಕ್ಷರದಲ್ಲಿರುವುದು ಮುಚ್ಚುವ ಹೊತ್ತು, ಸಣ್ಣಕ್ಷರದಲ್ಲಿರುವುದು ನಿಮಗೆ ಬೇಕಾದದ್ದು.

ಊರು ಆರಿಸುವುದು

ಮನೆಬಾಗಿಲಿನಿಂದ ತಂಗುವ ಜಾಗದ ಬಾಗಿಲಿಗೆ ನಾಲ್ಕೈದು ಗಂಟೆ ಮೀರಿದರೆ ಆ ಊರು ವಾರಾಂತ್ಯಕ್ಕಲ್ಲ. ಮೂರು ದಿನ ಸಿಕ್ಕಾಗ ಹೋಗಿ. ‘ವಿಮಾನದಲ್ಲಿ ಒಂದೇ ಗಂಟೆ’ ಎಂಬ ಮಾತಿಗೆ ಮರುಳಾಗಬೇಡಿ. ನಿಲ್ದಾಣಕ್ಕೆ ಹೋಗಲು 1 ಗಂಟೆ, ಅಲ್ಲಿ ಕಾಯಲು 2, ಹಾರಾಟ 1, ಇಳಿದು ಹೊರಬರಲು ಅರ್ಧ, ಅಲ್ಲಿಂದ ಊರೊಳಗೆ 1: ಲೆಕ್ಕ ಐದೂವರೆಗೆ ಬಂತು. ಮೂರೂವರೆ ಗಂಟೆಯ ರೈಲು ಇದಕ್ಕಿಂತ ಬೇಗ ಮುಟ್ಟಿಸುತ್ತದೆ. ರೈಲಿಗೆ ಇನ್ನೊಂದು ಅನುಕೂಲವೂ ಇದೆ. 19ನೇ ಶತಮಾನದಲ್ಲಿ ಹಳಿ ಬಂದಾಗ ಕಿಕ್ಕಿರಿದ ಹಳೇ ಊರುಗಳೊಳಗೆ ಜಾಗ ಸಿಗದೆ ಬಹಳ ಕಡೆ ನಿಲ್ದಾಣವನ್ನು ಕೋಟೆಗೋಡೆಯ ಹೊರಗೇ, ಆದರೆ ಪಕ್ಕದಲ್ಲೇ ಕಟ್ಟಿದರು. ಹಾಗಾಗಿ ಇಳಿದವರು ನಡೆದೇ ಊರೊಳಗೆ ಹೋಗಬಹುದು.

ಎರಡನೆಯ ಪರೀಕ್ಷೆ ಮ್ಯಾಪಿನಲ್ಲಿ. ಹಳೇ ಊರನ್ನು ಈ ತುದಿಯಿಂದ ಆ ತುದಿಗೆ ಅಳೆಯಿರಿ. 1.5 ಕಿ.ಮೀ. ಒಳಗಿದ್ದರೆ ಎರಡು ದಿನಕ್ಕೆ ಹೇಳಿ ಮಾಡಿಸಿದ ಊರು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನ ಕೋಟೆಗೋಡೆಯ ಸುತ್ತಳತೆ ಎರಡು ಕಿ.ಮೀ.ಗೂ ಸ್ವಲ್ಪ ಕಡಿಮೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಉಳಿದಿರುವ ಗೋಡೆಯ ಉದ್ದ ಸುಮಾರು 3.4 ಕಿ.ಮೀ. ಇಂಥ ಊರುಗಳಲ್ಲಿ ಬಸ್ಸಿನ ಮಾತೇ ಬೇಡ. ರೋಮ್, ಇಸ್ತಾಂಬುಲ್, ಕ್ಯೋಟೊ ಬೇರೆ ಜಾತಿ. ಕ್ಯೋಟೊದ ದೇವಾಲಯಗಳು ಊರಿನ ಮೂರು ದಿಕ್ಕಿನ ಬೆಟ್ಟದ ತಪ್ಪಲಿನಲ್ಲಿ ಚದುರಿಕೊಂಡಿವೆ. ಎಲ್ಲವನ್ನೂ ಮುಟ್ಟುತ್ತೇನೆಂದರೆ ದಿನದ ಅರ್ಧ ಬಸ್ಸಿನಲ್ಲೇ ಹೋಗುತ್ತದೆ. ದೊಡ್ಡ ಊರಿಗೇ ಹೋಗಬೇಕೆಂದಿದ್ದರೆ ಅದನ್ನೊಂದು ಸಣ್ಣ ಊರು ಮಾಡಿಕೊಳ್ಳಿ: ಇಸ್ತಾಂಬುಲ್ ಎಂದರೆ ಈ ಸಲ ಸುಲ್ತಾನಹ್ಮೆತ್ ಕೇರಿ ಮಾತ್ರ, ಕ್ಯೋಟೊ ಎಂದರೆ ಪೂರ್ವದ ತಪ್ಪಲು ಮಾತ್ರ. ಉಳಿದದ್ದು ಇನ್ನೊಮ್ಮೆಗೆ. ಇಷ್ಟು ಹಟ ಇಲ್ಲದಿದ್ದರೆ ದೊಡ್ಡ ಊರಿಗೆ ವಾರಾಂತ್ಯದಲ್ಲಿ ಹೋಗದಿರುವುದೇ ಲೇಸು.

ಮ್ಯಾಪಿನಲ್ಲಿ ಕಾಣದ ಸಂಗತಿ ಏರು. ಟೊಲೆಡೊ, ಎಡಿನ್‌ಬರೊ, ಲಿಸ್ಬನ್‌ಗಳಲ್ಲಿ ಮ್ಯಾಪಿನ ಪ್ರಕಾರ ಅಕ್ಕಪಕ್ಕದಲ್ಲಿರುವ ಎರಡು ಬೀದಿಗಳ ನಡುವೆ ನಾಲ್ಕು ಮಹಡಿಯಷ್ಟು ಮೆಟ್ಟಿಲಿರಬಹುದು. ಚಾರಣಿಗರು 1892ರಿಂದ ಬಳಸುತ್ತ ಬಂದಿರುವ ನೇಯ್‌ಸ್ಮಿತ್ ಸೂತ್ರ ಇಲ್ಲಿಗೂ ಹೊಂದುತ್ತದೆ. ಸಮತಟ್ಟು ದಾರಿಗೆ ಹಿಡಿಯುವ ಹೊತ್ತಿನ ಮೇಲೆ, ಪ್ರತಿ 10 ಮೀಟರ್ ಏರಿಗೆ ಒಂದು ನಿಮಿಷ ಸೇರಿಸಿ. ಮೊಣಕಾಲು ನೋವಿನವರು, ತಳ್ಳುಗಾಡಿಯಲ್ಲಿ ಮಗುವನ್ನು ಕರೆದೊಯ್ಯುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಊರಿನ ಭೂಮಟ್ಟದ ರೇಖೆಗಳನ್ನು ತೋರಿಸುವ ಮ್ಯಾಪ್ ತೆರೆದರೆ ಐದು ನಿಮಿಷದ ಕೆಲಸ.

ರಜೆಯ ದಿನಗಳನ್ನು ಮೊದಲು ಬರೆದುಕೊಳ್ಳಿ

ವಾರಾಂತ್ಯದ ಪ್ರವಾಸ ಕೆಡುವುದು ಮಳೆಯಿಂದಲ್ಲ, ವಾರದ ರಜೆಯಿಂದ. ಟಿಕೆಟ್ ತೆಗೆಯುವ ಮೊದಲು ಒಂದು ಹಾಳೆಯಲ್ಲಿ ಶುಕ್ರ, ಶನಿ, ಭಾನು, ಸೋಮ ಎಂದು ನಾಲ್ಕು ಕಲಂ ಎಳೆದು, ನಿಮಗೆ ಬೇಕಾದ ಬಾಗಿಲುಗಳು ಯಾವ ಕಲಮಿನಲ್ಲಿ ಮುಚ್ಚಿರುತ್ತವೆ ಎಂದು ತುಂಬಿ.

ಫ್ಲಾರೆನ್ಸಿನ ಉಫೀಜಿ ಮತ್ತು ಅಕಾಡೆಮಿಯಾ ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ಬೀಜಿಂಗಿನ ನಿಷೇಧಿತ ನಗರಿಯೂ ಸಾರ್ವಜನಿಕ ರಜೆಗಳನ್ನು ಬಿಟ್ಟರೆ ಸೋಮವಾರ ಮುಚ್ಚುತ್ತದೆ. ‘ಸೋಮವಾರ ಒಂದು ರಜೆ ಹಾಕಿ ಮೂರು ದಿನ ಮಾಡಿಕೊಳ್ಳೋಣ’ ಎಂದುಕೊಂಡವರು ಮೊದಲು ಎಡವುವುದು ಇಲ್ಲೇ. ಪ್ಯಾರಿಸಿನ ಲೂವ್ರ್‌ಗೆ ಮಂಗಳವಾರ ರಜೆ, ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಗೂ ಮಂಗಳವಾರ. ಆಗ್ರಾದ ತಾಜ್‌ಮಹಲ್ ಶುಕ್ರವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನವೇ ಬಂದು ಇಳಿಯುವವರು ಆ ಸಂಜೆಯನ್ನು ತಾಜ್‌ಗೆ ಎಂದು ಇಟ್ಟುಕೊಂಡರೆ ನದಿಯ ಆಚೆ ದಡದಿಂದ ನೋಡಿ ಸಮಾಧಾನಪಟ್ಟುಕೊಳ್ಳಬೇಕು. ಒಂದರ ರಜೆ ಇನ್ನೊಂದರ ಜಾತ್ರೆ ಎಂಬುದನ್ನೂ ಗಮನಿಸಿ: ಪ್ಯಾರಿಸ್ ಹತ್ತಿರದ ವರ್ಸೇಲ್ಸ್ ಅರಮನೆ ಸೋಮವಾರ ಮುಚ್ಚುತ್ತದೆ, ಲೂವ್ರ್ ಮುಚ್ಚಿದ ಮಂಗಳವಾರ ಪ್ಯಾರಿಸಿನ ಜನವೆಲ್ಲ ಅತ್ತ ಹರಿಯುತ್ತದೆ.

ಭಾನುವಾರದ ಬಗ್ಗೆ ಬೇರೆಯೇ ಎಚ್ಚರ ಬೇಕು. ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್ ಭಾನುವಾರ ಬಾಗಿಲು ಹಾಕುತ್ತದೆ. ‘ಸಾಮಾನು ಕೊಳ್ಳುವುದು ಕೊನೆಯ ದಿನಕ್ಕಿರಲಿ’ ಎಂಬ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ವ್ಯಾಟಿಕನ್ ಮ್ಯೂಸಿಯಂಗಳು ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ತೆರೆಯುವುದಿಲ್ಲ. ಆ ಒಂದು ದಿನ ಪ್ರವೇಶ ಉಚಿತ, ಹಾಗಾಗಿಯೇ ಕ್ಯೂ ಮೈಲುದ್ದ. ಇಟಲಿಯ ಸರಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಉಚಿತ. ಉಚಿತ ಎಂದು ಖುಷಿಪಡುವ ಮೊದಲು ಆ ದಿನದ ನೂಕುನುಗ್ಗಲನ್ನು ನೆನೆಯಿರಿ. ಎರಡೇ ದಿನ ಇರುವವರಿಗೆ ಹೊತ್ತು ಹಣಕ್ಕಿಂತ ದುಬಾರಿ, ಆದ್ದರಿಂದ ಉಚಿತ ದಿನಗಳನ್ನು ತಪ್ಪಿಸಿಯೇ ತಾರೀಖು ಹಾಕಿ.

ಪೂಜೆ ನಡೆಯುವ ಕಟ್ಟಡಗಳಲ್ಲಿ ಪ್ರವಾಸಿಗರದು ಎರಡನೇ ಸರದಿ. ಪ್ರಾಗ್‌ನ ಸೇಂಟ್ ವೀಟಸ್ ಕ್ಯಾಥೆಡ್ರಲ್ ಭಾನುವಾರ ಮಧ್ಯಾಹ್ನ 12ಕ್ಕಷ್ಟೇ ಪ್ರವಾಸಿಗರಿಗೆ ತೆರೆಯುತ್ತದೆ. ವೆನಿಸ್‌ನ ಸೇಂಟ್ ಮಾರ್ಕ್ಸ್ ಬಸಿಲಿಕಾದಲ್ಲೂ ಭಾನುವಾರ ಬೆಳಿಗ್ಗೆ ಪ್ರಾರ್ಥನೆಯವರಿಗೆ ಮಾತ್ರ. ಇಸ್ತಾಂಬುಲ್‌ನ ನೀಲಿ ಮಸೀದಿ ದಿನದ ಪ್ರಾರ್ಥನೆಯ ಹೊತ್ತುಗಳಲ್ಲಿ ಪ್ರವಾಸಿಗರನ್ನು ಹೊರಗಿಡುತ್ತದೆ, ಶುಕ್ರವಾರ ಇನ್ನೂ ದೀರ್ಘವಾಗಿ. ಚರ್ಚುಗಳಿರುವ ಊರಿಗೆ ಶನಿವಾರ, ಮಸೀದಿಗಳಿರುವ ಊರಿಗೆ ಶನಿವಾರ ಅಥವಾ ಭಾನುವಾರ: ಇಷ್ಟು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಪೆಚ್ಚುಮೋರೆ ತಪ್ಪುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ವಾರಾಂತ್ಯದವರಿಗೇ ತಟ್ಟುವಂಥದು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೊಬೈಲು ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಮಾರ್ಚಿನ ಆ ಭಾನುವಾರ 9 ಗಂಟೆಯ ಪ್ರವೇಶದ ಸ್ಲಾಟಿಗೆ ಕೈಗಡಿಯಾರ ನಂಬಿ ಹೋದವರು 10ಕ್ಕೆ ಮುಟ್ಟಿರುತ್ತಾರೆ.

ದಿನಕ್ಕೊಂದು ಗಟ್ಟಿ ಬುಕಿಂಗ್, ಅದಕ್ಕಿಂತ ಹೆಚ್ಚು ಬೇಡ

ಹೆಸರಾದ ಜಾಗಗಳು ಈಗ ದಿನಕ್ಕಿಷ್ಟು ಜನ ಎಂದು ಮಿತಿ ಹಾಕಿ, ಅರ್ಧ ಗಂಟೆ ಅಥವಾ ಒಂದು ಗಂಟೆಯ ಸ್ಲಾಟುಗಳಲ್ಲಿ ಟಿಕೆಟ್ ಮಾರುತ್ತವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಹೋಟೆಲು-ರೈಲು ಎಲ್ಲ ಆದ ಮೇಲೆ ಟಿಕೆಟ್ ಹುಡುಕಿದರೆ ಸಿಗುವುದಿಲ್ಲ. ಸರಿಯಾದ ಅನುಕ್ರಮ ಹೀಗೆ: ಮೊದಲು ಆ ಒಂದು ಜಾಗದ ಸ್ಲಾಟ್ ಖಾಲಿ ಇದೆಯೇ ನೋಡಿ, ನಂತರ ರೈಲು ಅಥವಾ ವಿಮಾನದ ಬೆಲೆ ನೋಡಿ, ಎರಡೂ ಹೊಂದಿದರೆ ಸ್ಲಾಟ್ ತೆಗೆದುಕೊಂಡು ಅದೇ ಗಂಟೆಯಲ್ಲಿ ಪ್ರಯಾಣವನ್ನೂ ಬುಕ್ ಮಾಡಿ, ಕೊನೆಗೆ ಕೋಣೆ. ಕೋಣೆ ಹೇಗಾದರೂ ಸಿಗುತ್ತದೆ.

ಸ್ಪೇನಿನ ಗ್ರನಾಡಾ ಊರಿನ ಕೋಟೆ-ಅರಮನೆ ಅಲ್‌ಹಂಬ್ರಾ ಇದಕ್ಕೆ ಒಳ್ಳೆಯ ಪಾಠ. ಟಿಕೆಟಿನಲ್ಲಿ ನಸ್ರಿದ್ ಅರಮನೆಗಳಿಗೆ ಒಳಹೋಗುವ ಹೊತ್ತು ಅಚ್ಚಾಗಿರುತ್ತದೆ. ಅದು ತಪ್ಪಿದರೆ ಅರಮನೆ ತಪ್ಪಿದಂತೆಯೇ, ಉಳಿದ ತೋಟ-ಕೋಟೆ ಮಾತ್ರ ನಿಮ್ಮ ಪಾಲಿಗೆ. ಟಿಕೆಟ್ ಹೆಸರಿನಲ್ಲಿರುತ್ತದೆ, ಗುರುತಿನ ಚೀಟಿ ಕೇಳುತ್ತಾರೆ. ಜನ ಎಡವುವುದು ಎಲ್ಲೆಂದರೆ, ಆವರಣದ ಮುಖ್ಯ ಬಾಗಿಲಿಗೆ ಸರಿಯಾದ ಹೊತ್ತಿಗೆ ಬಂದಿರುತ್ತಾರೆ. ಅಲ್ಲಿಂದ ಅರಮನೆಯ ಬಾಗಿಲಿಗೆ ಇನ್ನೂ ಕಾಲು ಗಂಟೆಯ ನಡಿಗೆ ಇದೆ ಎಂಬುದು ಗೊತ್ತಿರುವುದಿಲ್ಲ. ಯಾವ ಊರೇ ಇರಲಿ, ಟಿಕೆಟಿನ ಹೊತ್ತು ಯಾವ ಬಾಗಿಲಿನದು ಎಂದು ಓದಿಕೊಂಡು, ಆ ಬಾಗಿಲಿಗೆ 30 ನಿಮಿಷ ಮೊದಲು ಮುಟ್ಟುವಂತೆ ಹೊರಡಿ.

ರೋಮಿನ ಕೊಲೋಸಿಯಮ್ ಟಿಕೆಟ್ ಕೂಡ 2023ರಿಂದ ಹೆಸರಿನ ಮೇಲೆಯೇ. ಮಾಮೂಲಿ ಟಿಕೆಟಿನಲ್ಲಿ ಪಕ್ಕದ ಪುರಾತನ ಅವಶೇಷಗಳಾದ ಫೋರಂ ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿರುತ್ತವೆ, 24 ಗಂಟೆ ಚಾಲ್ತಿ. ಇದು ವಾರಾಂತ್ಯದವರಿಗೆ ಸಿಕ್ಕ ವರ: ಶನಿವಾರ ಮಧ್ಯಾಹ್ನ ಕೊಲೋಸಿಯಮ್, ಭಾನುವಾರ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಫೋರಂ. ಮೂರನ್ನೂ ಒಂದೇ ಬಿಸಿಲಿನಲ್ಲಿ ಮುಗಿಸಲು ಹೋಗಬೇಡಿ.

ಬುಕ್ ಮಾಡುವಾಗ ಮೂರು ಕಡೆ ಕಣ್ಣಿಡಿ. ಒಂದು, ವಿಳಾಸ. ಹುಡುಕಿದಾಗ ಮೇಲೆ ಬರುವುದು ಬಹಳ ಸಲ ಮರುಮಾರಾಟಗಾರರ ಜಾಹೀರಾತು. ಆ ಜಾಗದ ಸ್ವಂತ ತಾಣವನ್ನು ಊರಿನ ಪ್ರವಾಸೋದ್ಯಮ ಇಲಾಖೆಯ ಪುಟದ ಮೂಲಕ ಹೋಗಿ ತೆರೆಯಿರಿ. ಎರಡು, ಹೆಸರು ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಬೇಕು, ಇನಿಶಿಯಲ್ ಸಮೇತ. ಮೂರು, ‘ಕ್ಯೂ ಇಲ್ಲ’ ಎಂಬ ಟಿಕೆಟ್ ತಪ್ಪಿಸುವುದು ಟಿಕೆಟ್ ಕೊಳ್ಳುವ ಕ್ಯೂವನ್ನು ಮಾತ್ರ. ತಪಾಸಣೆಯ ಕ್ಯೂ ಎಲ್ಲರಿಗೂ ಒಂದೇ. ಸ್ಲಾಟು ಸಿಗದಿದ್ದರೆ ಕೈಬಿಡುವ ಮೊದಲು ರಾತ್ರಿಯ ಪ್ರವೇಶ ಇದೆಯೇ ನೋಡಿ. ಲೂವ್ರ್ ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಶುಕ್ರವಾರ ಮಧ್ಯಾಹ್ನ ಇಳಿದವರಿಗೆ ಇಷ್ಟು ಚೆನ್ನಾಗಿ ಹೊಂದುವ ವೇಳೆ ಬೇರೊಂದಿಲ್ಲ.

ಶನಿವಾರಕ್ಕೊಂದು, ಭಾನುವಾರಕ್ಕೊಂದು ಸ್ಲಾಟ್ ಸಾಕು. ಮೂರನೆಯದನ್ನು ಸೇರಿಸಿದಿರೋ, ಇಡೀ ದಿನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡುವುದೇ ಆಗುತ್ತದೆ.

ಸಿಟಿ ಪಾಸ್ ಕೊಳ್ಳಬೇಕೇ? ಇಪ್ಪತ್ತು ಜಾಗ ಉಚಿತ ಎಂದು ಪಾಸಿನಲ್ಲಿ ಬರೆದಿರುತ್ತದೆ. ನೀವು ಹೋಗುವುದು ನಾಲ್ಕಕ್ಕೆ. ಆ ನಾಲ್ಕರ ಬಿಡಿ ಟಿಕೆಟ್ ಕೂಡಿಸಿ ನೋಡಿ, ಪಾಸಿಗಿಂತ ಕಡಿಮೆಯೇ ಆಗಿರುತ್ತದೆ ಹೆಚ್ಚಾಗಿ. ಪಾಸ್ ಇದ್ದರೂ ಸ್ಲಾಟ್ ಬೇರೆಯಾಗಿ ಕಾಯ್ದಿರಿಸಬೇಕಾದ ಜಾಗಗಳಿವೆ, ಅದನ್ನೂ ಓದಿಕೊಳ್ಳಿ.

ತಂಗುವುದು ಗೋಡೆಯ ಒಳಗೆ

ಬೆಲೆ ಹೆಚ್ಚಾದರೂ, ಕೋಣೆ ಚಿಕ್ಕದಾದರೂ, ಎರಡು ದಿನಕ್ಕೆ ಹೋಗುವವರು ಹಳೇ ಊರಿನೊಳಗೇ ಉಳಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ದಿನದ ಪ್ರವಾಸಿಗರು, ಹಡಗು-ಬಸ್ಸಿನ ಗುಂಪುಗಳು ಬೆಳಿಗ್ಗೆ 10ರ ಹೊತ್ತಿಗೆ ಬಂದು ಸಂಜೆ 5ರ ಹೊತ್ತಿಗೆ ಕರಗುತ್ತಾರೆ. ಅದಕ್ಕೂ ಮೊದಲಿನ, ನಂತರದ ಊರು ಅಲ್ಲಿ ಮಲಗುವವರದು. ಪ್ರಾಗ್‌ನ ಚಾರ್ಲ್ಸ್ ಸೇತುವೆ (1357ರಲ್ಲಿ ಕಟ್ಟಲು ಶುರುವಾದದ್ದು, ಉದ್ದ 516 ಮೀಟರ್) ಹಗಲಲ್ಲಿ ಭುಜಕ್ಕೆ ಭುಜ ತಾಗುವ ಜಾಗ. ಬೆಳಿಗ್ಗೆ 6ಕ್ಕೆ ಹೋದರೆ ಎರಡೂ ಬದಿಯ ವಿಗ್ರಹಗಳನ್ನು ಒಂದೊಂದಾಗಿ ನಿಂತು ನೋಡಬಹುದು. ದೂರದ ಹೋಟೆಲಿನಿಂದ ಆ ಹೊತ್ತಿಗೆ ಯಾರೂ ಎದ್ದು ಬರುವುದಿಲ್ಲ. ‘ಬರುತ್ತೇನೆ’ ಎಂದು ಅಂದುಕೊಂಡಿರುತ್ತಾರೆ, ಅಷ್ಟೇ.

ವೆನಿಸ್‌ನಲ್ಲಿ ಇದಕ್ಕೆ ಲೆಕ್ಕದ ಮುಖವೂ ಇದೆ. 2024ರ ಏಪ್ರಿಲ್ 25ರಿಂದ ಅಲ್ಲಿ ಜನದಟ್ಟಣೆಯ ಆಯ್ದ ದಿನಗಳಲ್ಲಿ, ಹೆಚ್ಚಾಗಿ ವಾರಾಂತ್ಯಗಳಲ್ಲಿ, ದಿನದ ಭೇಟಿಗೆ ಬರುವವರು ಪ್ರವೇಶ ಶುಲ್ಕ ಕಟ್ಟಬೇಕು. ಊರಿನಲ್ಲಿ ರಾತ್ರಿ ತಂಗುವವರಿಗೆ ವಿನಾಯಿತಿ ಇದೆ, ಆದರೆ ತಾಣದಲ್ಲಿ ನೋಂದಾಯಿಸಿ ಸಂಕೇತ (ಕೋಡ್) ಪಡೆದಿರಬೇಕು. ಹೋಟೆಲ್ ರಸೀದಿ ತೋರಿಸಿದರೆ ಸಾಕು ಎಂದುಕೊಳ್ಳಬೇಡಿ.

ಹಳೇ ಕಟ್ಟಡದ ಕೋಣೆ ಬುಕ್ ಮಾಡುವ ಮೊದಲು ಕೇಳಬೇಕಾದವು: ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಕಿಟಕಿ ಬೀದಿಗೋ ಒಳ ಅಂಗಳಕ್ಕೋ, ರಾತ್ರಿ ಎಷ್ಟು ಹೊತ್ತಿನವರೆಗೆ ಬಾಗಿಲು ತೆಗೆಯುತ್ತಾರೆ, ಕೋಣೆ ಬಿಟ್ಟ ಮೇಲೆ ಸಂಜೆಯವರೆಗೆ ಲಗೇಜ್ ಇಟ್ಟುಕೊಳ್ಳುತ್ತಾರೆಯೇ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಅದಕ್ಕೆ ‘ಇಲ್ಲ’ ಎಂದರೆ ಭಾನುವಾರ ಪೂರ್ತಿ ಚೀಲ ಹೊತ್ತು ತಿರುಗಬೇಕು, ಮ್ಯೂಸಿಯಂಗಳು ದೊಡ್ಡ ಚೀಲವನ್ನು ಒಳಗೆ ಬಿಡುವುದೂ ಇಲ್ಲ. ಬೀದಿ ಕಡೆಯ ಕಿಟಕಿ ನೋಟಕ್ಕೆ ಚೆಂದ. ಕಲ್ಲಿನ ಇಕ್ಕಟ್ಟು ಓಣಿಯಲ್ಲಿ ರಾತ್ರಿ ಒಂದು ಗಂಟೆಯ ಮಾತುಕತೆ ಗೋಡೆಯಿಂದ ಗೋಡೆಗೆ ಬಡಿದು ಮೂರನೇ ಮಹಡಿಗೂ ಸ್ಪಷ್ಟವಾಗಿ ಕೇಳುತ್ತದೆ. ನಿದ್ದೆ ಸೂಕ್ಷ್ಮವಿದ್ದವರು ಒಳ ಅಂಗಳವನ್ನೇ ಕೇಳಿ.

ಕಾರಿನಲ್ಲಿ ಹೋಗುವುದಾದರೆ ಊರಿನ ಹೊರಗಿನ ಪಾರ್ಕಿಂಗಿನಲ್ಲೇ ಬಿಡಿ. ರೋಮ್, ಫ್ಲಾರೆನ್ಸ್ ಸೇರಿದಂತೆ ಇಟಲಿಯ ಬಹುತೇಕ ಹಳೇ ಊರುಗಳಲ್ಲಿ ವಾಹನ ನಿರ್ಬಂಧಿತ ವಲಯಗಳಿವೆ. ಕಾವಲುಗಾರ ಇರುವುದಿಲ್ಲ, ಕ್ಯಾಮರಾ ಇರುತ್ತದೆ. ದಾರಿ ತೋರಿಸುವ ಆ್ಯಪ್ ಕರೆದೊಯ್ದ ಕಡೆ ಹೋಗಿ, ಅದೇ ಕ್ಯಾಮರಾದ ಮುಂದೆ ಮೂರು ಸಲ ಸುತ್ತಿದರೆ ಮೂರು ದಂಡ. ನೋಟಿಸು ಬರುವುದು ಬಾಡಿಗೆ ಕಾರಿನವರ ಮೂಲಕ, ತಿಂಗಳುಗಳ ನಂತರ. ಒಳಗೆ ತಂಗುವವರ ಕಾರಿನ ನಂಬರನ್ನು ಕೆಲವು ಹೋಟೆಲಿನವರು ಮೊದಲೇ ನೋಂದಾಯಿಸಿ ಕೊಡುತ್ತಾರೆ. ಕೇಳಿ ನೋಡಿ.

ಹೊತ್ತು ಮತ್ತು ಬೆಳಕು

ಶನಿವಾರದ ಚೌಕಟ್ಟು ಹೀಗಿರಲಿ. ಬೆಳಿಗ್ಗೆ 6:30ರಿಂದ 8:30 ಹೊರಗಿನ ಸುತ್ತಾಟ: ಸೇತುವೆ, ಚೌಕ, ಓಣಿ. ತಿಂಡಿ. ಬಾಗಿಲು ತೆರೆಯುವ ಮೊದಲ ಸ್ಲಾಟಿಗೆ ದೊಡ್ಡ ಜಾಗ. ಮಧ್ಯಾಹ್ನ ಒಂದರ ಮೇಲೆ ಊಟ, ಆಮೇಲೆ ಕೋಣೆಗೆ ಬಂದು ಒಂದು ಗಂಟೆ ಮಲಗಿ. ಊರೊಳಗೆ ಉಳಿದದ್ದರ ಇನ್ನೊಂದು ಲಾಭ ಇದು. ಮೂರೂವರೆಗೆ ಜನ ಕಡಿಮೆ ಇರುವ ಎರಡನೇ ದರ್ಜೆಯ ಜಾಗವೊಂದು. ಇಂಥವುಗಳಲ್ಲೇ ಹೆಚ್ಚು ಮಜಾ ಇರುತ್ತದೆ. ಹೊತ್ತು ಮುಳುಗುವ ಒಂದು ಗಂಟೆ ಮೊದಲು ಎತ್ತರದ ಜಾಗ, ಕತ್ತಲಾದ ಮೇಲೆ ಬೆಳಗಿನ ಓಣಿಗಳೇ ಇನ್ನೊಮ್ಮೆ. ನಸುಕಿನ ಚೌಕ, ದೀಪದ ಚೌಕ ಬೇರೆಬೇರೆ ಚೌಕಗಳು.

ಭಾನುವಾರಕ್ಕೆ ಇದರ ಮೊದಲರ್ಧ ಮಾತ್ರ.

ಯಾವ ಕಟ್ಟಡಕ್ಕೆ ಯಾವ ಹೊತ್ತು ಎಂಬುದನ್ನು ಕಟ್ಟಿದವರೇ ತೀರ್ಮಾನಿಸಿಬಿಟ್ಟಿದ್ದಾರೆ. ಮಧ್ಯಯುಗದ ಕ್ಯಾಥೆಡ್ರಲ್‌ಗಳಲ್ಲಿ ಪೂಜಾವೇದಿ ಪೂರ್ವಕ್ಕೆ, ಮುಖ್ಯದ್ವಾರ ಪಶ್ಚಿಮಕ್ಕೆ ಇರುವುದು ರೂಢಿ. ಆದ್ದರಿಂದ ಕೆತ್ತನೆ ತುಂಬಿದ ಮುಂಭಾಗಕ್ಕೆ ಬೆಳಿಗ್ಗೆ ನೆರಳು, ಇಳಿಹೊತ್ತಿಗೆ ಓರೆ ಬಿಸಿಲು. ಓರೆ ಬಿಸಿಲಿನಲ್ಲೇ ಕೆತ್ತನೆಯ ಆಳ ಕಾಣುವುದು. ವೇದಿಯ ಹಿಂದಿನ ಬಣ್ಣದ ಗಾಜು ನೋಡಬೇಕಿದ್ದರೆ ಬೆಳಿಗ್ಗೆ ಒಳಗೆ ಹೋಗಿ. ರೋಮಿನ ಸೇಂಟ್ ಪೀಟರ್ಸ್ ಈ ರೂಢಿಗೆ ಹೊರತು. ಅದರ ಮುಂಭಾಗ ಪೂರ್ವಕ್ಕಿದೆ, ಬೆಳಿಗ್ಗೆಯೇ ಸೊಗಸು. ಹಿಂದೂ ದೇವಾಲಯಗಳು ಬಹುಮಟ್ಟಿಗೆ ಪೂರ್ವಾಭಿಮುಖ, ಕಾಂಬೋಡಿಯಾದ ಅಂಗ್ಕೋರ್ ವಾಟ್ ಪಶ್ಚಿಮಾಭಿಮುಖ. ಅಲ್ಲಿ ಸೂರ್ಯೋದಯಕ್ಕೆ ಹೋದರೆ ಸಿಗುವುದು ಗೋಪುರಗಳ ಕಪ್ಪು ರೇಖೆ, ಕಲ್ಲಿನ ಬಣ್ಣ ಬೇಕಿದ್ದರೆ ಮಧ್ಯಾಹ್ನದ ನಂತರ ಬರಬೇಕು. ಮ್ಯಾಪಿನಲ್ಲಿ ಉತ್ತರ ಯಾವ ಕಡೆ ಎಂದು ನೋಡಿದರೆ ಇದೆಲ್ಲ ಮನೆಯಲ್ಲೇ ಲೆಕ್ಕ ಹಾಕಬಹುದು.

ಕೋಟೆಗೋಡೆಯ ಮೇಲಿನ ನಡಿಗೆ ಬಾಗಿಲಿರುವ ಗುಂಪಿಗೆ ಸೇರುತ್ತದೆ, ಆದರೆ ಅದನ್ನು ನಡುಹಗಲಿಗೆ ಇಡಬೇಡಿ. ಡುಬ್ರೊವ್ನಿಕ್ ಗೋಡೆಯ ಮೇಲೆ ನೆರಳೇ ಇಲ್ಲವೆನ್ನಬಹುದು, ಒಂದೇ ದಿಕ್ಕಿನಲ್ಲಿ ಸಾಗಬೇಕು, ಹಿಂದಿರುಗುವಂತಿಲ್ಲ. ಬೇಸಿಗೆಯಲ್ಲಿ ಬಾಗಿಲು ತೆರೆದ ಕೂಡಲೇ ಹತ್ತಿ, ಒಂದೂವರೆ-ಎರಡು ಗಂಟೆ ಇಟ್ಟುಕೊಳ್ಳಿ. ಕಲ್ಲು ಹಗಲಿಡೀ ಹೀರಿದ ಬಿಸಿಯನ್ನು ಸಂಜೆ ಹೊರಬಿಡುತ್ತದೆ, ಹಾಗಾಗಿ ಸಂಜೆ ಐದಕ್ಕೂ ಅಲ್ಲಿ ತಂಪು ಸಿಗುವುದಿಲ್ಲ.

ಗೋಪುರ ಹತ್ತುವವರು ಮೆಟ್ಟಿಲಿನ ಸಂಖ್ಯೆ ನೋಡಿಕೊಳ್ಳಿ. ಫ್ಲಾರೆನ್ಸ್ ಕ್ಯಾಥೆಡ್ರಲ್‌ನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಸ್ಲಾಟ್ ಕಾಯ್ದಿರಿಸದೆ ಬಿಡುವುದಿಲ್ಲ. ಹತ್ತಿ ಇಳಿಯಲು ಮುಕ್ಕಾಲು ಗಂಟೆ. ಸೇಂಟ್ ಪೀಟರ್ಸ್ ಗುಮ್ಮಟಕ್ಕೆ 551. ಲಿಫ್ಟ್ ತೆಗೆದುಕೊಂಡರೂ 320 ಉಳಿಯುತ್ತವೆ. ಇಂಥ ಮೆಟ್ಟಿಲುಗಳು ಗುಮ್ಮಟದ ಎರಡು ಪದರಗಳ ನಡುವೆ ಸಾಗುವುದರಿಂದ ಕೊನೆಯ ಭಾಗದಲ್ಲಿ ಗೋಡೆಯೇ ಓರೆಯಾಗಿರುತ್ತದೆ, ಪಕ್ಕಕ್ಕೆ ವಾಲಿಕೊಂಡು ನಡೆಯಬೇಕು. ಇಕ್ಕಟ್ಟಿನ ಭಯ ಇರುವವರಿಗೆ ನಡುದಾರಿಯಲ್ಲಿ ತಿರುಗಿ ಇಳಿಯುವುದು ಕಷ್ಟ. ಅಂಥವರಿಗೆ ಎದುರಿನ ಗುಡ್ಡವೇ ಒಳ್ಳೆಯದು.

ದೊಡ್ಡ ಮ್ಯೂಸಿಯಂ ಒಂದಕ್ಕೆ ಎರಡು ಗಂಟೆ ಮೀರಬಾರದು. ಬಾಸ್ಟನ್ನಿನ ಕಲಾ ಮ್ಯೂಸಿಯಮ್ಮಿನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್‌ಮನ್ 1916ರಲ್ಲೇ ‘ಮ್ಯೂಸಿಯಂ ದಣಿವು’ ಎಂಬುದನ್ನು ಚಿತ್ರಸಮೇತ ತೋರಿಸಿದ್ದರು: ನೋಡುಗ ಬಗ್ಗಬೇಕು, ಕತ್ತು ಎತ್ತಬೇಕು, ಮಂಡಿಯೂರಬೇಕು, ದಣಿವು ಅದರಿಂದ. ನಿಧಾನವಾಗಿ ಹೆಜ್ಜೆ ಹಾಕಿ ನಿಲ್ಲುವುದು ನೇರ ನಡಿಗೆಗಿಂತ ಸೊಂಟಕ್ಕೆ ಹೆಚ್ಚು ಹೊರೆ. ಆರು ಕೋಣೆ ಆರಿಸಿಕೊಂಡು ಹೋಗಿ, ಪ್ರತಿ ಅರ್ಧ ಗಂಟೆಗೊಮ್ಮೆ ಬೆಂಚು ಕಂಡಲ್ಲಿ ಕೂರಿ. ಹೊರಬರುವ ಮೊದಲು ಅಲ್ಲಿನ ಶೌಚಾಲಯಕ್ಕೆ ಹೋಗಿಯೇ ಬನ್ನಿ, ಹಳೇ ಊರಿನ ಬೀದಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ.

ಕಾಲು, ಕಲ್ಲು, ಮ್ಯಾಪ್

ಹಾಸುಗಲ್ಲಿನ ಬೀದಿಯಲ್ಲಿ ಗಂಟೆಗೆ 3 ಕಿ.ಮೀ. ಲೆಕ್ಕ ಹಿಡಿಯಿರಿ, ಮ್ಯಾಪು ಹೇಳುವ 5 ಅಲ್ಲ. ಏನೂ ದೂರ ಹೋಗದಿದ್ದರೂ ದಿನಕ್ಕೆ 12ರಿಂದ 15 ಕಿ.ಮೀ. ಆಗಿಬಿಡುತ್ತದೆ. ಶೂ ಹೊಸದಾಗಿರಬಾರದು, ಕನಿಷ್ಠ ಎರಡು ವಾರ ತೊಟ್ಟು ಪಳಗಿರಬೇಕು. ಅಟ್ಟೆ ದಪ್ಪವಿದ್ದು ಹಿಡಿತವಿರುವಂಥದು ಬೇಕು, ಏಕೆಂದರೆ ನೂರಾರು ವರ್ಷ ತುಳಿದು ನುಣುಪಾದ ಕಲ್ಲು ನಾಲ್ಕು ಹನಿ ಮಳೆಗೇ ಜಾರುತ್ತದೆ. ಹಿಮ್ಮಡಿ ಉಜ್ಜುತ್ತಿದೆ ಅನ್ನಿಸಿದ ಕ್ಷಣವೇ ಪ್ಲಾಸ್ಟರ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನವಿಲ್ಲ, ಭಾನುವಾರ ಕುಂಟುತ್ತೀರಿ.

ಚಕ್ರದ ಸೂಟ್‌ಕೇಸ್ ಬೇಡ. ಹಾಸುಗಲ್ಲಿನ ಸಂದಿಗೆ ಸಣ್ಣ ಚಕ್ರ ಸಿಕ್ಕಿ ಮುರಿಯುತ್ತದೆ. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಎರಡು ರಾತ್ರಿಗೆ 6–7 ಕಿಲೋದ ಬೆನ್ನಚೀಲ ಸಾಕು. ಅದರಲ್ಲಿ ತಪ್ಪದೆ ಇರಬೇಕಾದವು: ಭುಜ-ಮಂಡಿ ಮುಚ್ಚುವ ಒಂದು ತೆಳು ಬಟ್ಟೆ (ಸೇಂಟ್ ಪೀಟರ್ಸ್‌ನಿಂದ ಮಸೀದಿಗಳವರೆಗೆ ಎಲ್ಲ ಕಡೆ ಕೇಳುತ್ತಾರೆ), ಪವರ್ ಬ್ಯಾಂಕ್, ಅರ್ಧ ಲೀಟರಿನ ಬಾಟಲಿ, ಟಿಕೆಟುಗಳ ಕಾಗದದ ಪ್ರತಿ. ಬಾಟಲಿ ತುಂಬಿಸಲು ರೋಮಿನಲ್ಲಿ ಬೀದಿಬೀದಿಗೂ ‘ನಾಸೋನಿ’ ಎಂಬ ಕಬ್ಬಿಣದ ನಲ್ಲಿಗಳಿವೆ. ದೊಡ್ಡ ಮೂಗು ಎಂದರ್ಥ. ಸೊಂಡಿಲಿನಂಥ ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಮೊಬೈಲ್ ಮ್ಯಾಪಿನ ನೀಲಿ ಚುಕ್ಕೆ ಹಳೇ ಓಣಿಗಳಲ್ಲಿ ಸುಳ್ಳು ಹೇಳುತ್ತದೆ. ಎತ್ತರದ ಗೋಡೆಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಉಪಗ್ರಹದ ಸಂಕೇತ ನೇರವಾಗಿ ಬರದೆ ಗೋಡೆಗೆ ಬಡಿದು ಬರುತ್ತದೆ, ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. ಅದನ್ನು ನಂಬಿ ಗಿರಕಿ ಹೊಡೆಯುವ ಬದಲು ಮೂರು ಗುರುತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಒಂದು ಎತ್ತರದ ಗೋಪುರ, ನದಿ ಅಥವಾ ಸಮುದ್ರ ಯಾವ ಕಡೆ, ನೆಲದ ಇಳಿಜಾರು ಎತ್ತ. ಮ್ಯಾಪನ್ನು ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಮನೆಯಲ್ಲೇ ಇಳಿಸಿಕೊಂಡಿರಿ. ಮೊರೊಕ್ಕೊದ ಫೆಜ್‌ನಂಥ ಊರಲ್ಲಿ, ಸಾವಿರಾರು ಓಣಿಗಳ ನಡುವೆ, ಗುರುತು ಇಟ್ಟುಕೊಂಡೂ ದಾರಿ ತಪ್ಪುತ್ತದೆ. ‘ಮುಂದೆ ದಾರಿ ಮುಚ್ಚಿದೆ, ಬನ್ನಿ ತೋರಿಸುತ್ತೇನೆ’ ಎಂದು ತಾನಾಗಿ ಬರುವವನ ಹಿಂದೆ ಹೋಗಬೇಡಿ. ಅಂಗಡಿಯೊಳಗೆ ಕೂತವರನ್ನು ಕೇಳಿ, ಅವರು ಅಂಗಡಿ ಬಿಟ್ಟು ಏಳುವುದಿಲ್ಲ.

ಅಧಿಕೃತ ಗೈಡ್ ಒಬ್ಬರನ್ನು ಶನಿವಾರ ಬೆಳಿಗ್ಗೆ ಎರಡು ಗಂಟೆಗಳ ಮಟ್ಟಿಗೆ ಗೊತ್ತುಮಾಡಿಕೊಂಡರೆ ಮುಂದಿನ ಒಂದೂವರೆ ದಿನ ಊರು ತಾನೇ ಬಿಚ್ಚಿಕೊಳ್ಳುತ್ತದೆ. ಭಾನುವಾರಕ್ಕೆ ಗೊತ್ತುಮಾಡಿದರೆ, ಅದನ್ನೆಲ್ಲ ನಿನ್ನೆಯೇ ದಾಟಿ ಬಂದೆವಲ್ಲ ಅನ್ನಿಸುತ್ತದೆ.

ಹೊರಡುವ ಮಧ್ಯಾಹ್ನ

ಭಾನುವಾರ ಸಂಜೆಯ ರೈಲು-ಬಸ್ಸುಗಳು ವಾರದಲ್ಲೇ ಅತಿ ಹೆಚ್ಚು ತುಂಬಿರುತ್ತವೆ, ಹಲವು ಊರುಗಳಲ್ಲಿ ಭಾನುವಾರ ಬಸ್ಸುಗಳ ಸಂಖ್ಯೆಯೂ ಕಡಿಮೆ. ವಾಪಸು ಟಿಕೆಟನ್ನು ಹೋಗುವ ಟಿಕೆಟಿನ ಜೊತೆಗೇ ತೆಗೆದಿರಿ. ಕೊನೆಯ ರೈಲು ಹಿಡಿಯಬೇಡಿ, ಅದಕ್ಕೂ ಹಿಂದಿನದು ಹಿಡಿಯಿರಿ. ಅದು ತಪ್ಪಿದರೆ ಕೊನೆಯದು ಉಳಿದಿರುತ್ತದೆ. ನಗರದ ಓಟದ ಸ್ಪರ್ಧೆ, ಮೆರವಣಿಗೆ ಇತ್ಯಾದಿ ನಡೆಯುವುದು ಭಾನುವಾರವೇ ಹೆಚ್ಚು, ಆಗ ಊರ ನಡುವಿನ ಬೀದಿಗಳನ್ನು ಮುಚ್ಚುತ್ತಾರೆ. ಶನಿವಾರ ರಾತ್ರಿಯೇ ಹೋಟೆಲಿನವರನ್ನು ಕೇಳಿ. ನಿಲ್ದಾಣದ ಲಾಕರಿನಲ್ಲಿ ಚೀಲ ಇಟ್ಟಿದ್ದರೆ ಅದು ಮುಚ್ಚುವ ಹೊತ್ತು, ತೆರೆಯಲು ಬೇಕಾದ ಚೀಟಿ ಅಥವಾ ಸಂಕೇತ ಎರಡರದ್ದೂ ಫೋಟೋ ಮೊಬೈಲಿನಲ್ಲಿರಲಿ. ಕೊನೆಯ ಬಾಗಿಲಿನಿಂದ ಹೊರಬಂದ ಹೊತ್ತಿಗೂ ರೈಲಿಗೂ ನಡುವೆ ಎರಡೂವರೆ ಗಂಟೆ ಇರಲಿ: ಊಟಕ್ಕೆ ಒಂದು, ಚೀಲ ತರಲು ಅರ್ಧ, ನಿಲ್ದಾಣಕ್ಕೆ ನಡೆಯಲು ಅರ್ಧ, ಇನ್ನರ್ಧ ಗಂಟೆ ಯಾವುದಾದರೊಂದು ಓಣಿಯಲ್ಲಿ ದಾರಿ ತಪ್ಪುವುದಕ್ಕೆ.